ನಲವತ್ತೈದು ರೂಪಾಯಿಯ ಗುಮಾಸ್ತ ಮತ್ತು ನಿದ್ದೆಗೆಟ್ಟ ಶಂಕರಣ್ಣ

ವರ್ಷಕ್ಕೆ ಎರಡು ದಿನ ನನ್ನ ಫೋನ್ ತುಂಬಾ ಶಂಕರ್ ನಾಗ್. ಹುಟ್ಟಿದ ನವೆಂಬರ್ 9, ತೀರಿಕೊಂಡ ಸೆಪ್ಟೆಂಬರ್ 30. ಆಟೋ ಹಿಂದಿನ ಸ್ಟಿಕ್ಕರಿನಲ್ಲಿರುವ ಅದೇ ಮುಖ, ಅದೇ ನಗು, ಹಿನ್ನೆಲೆಯಲ್ಲಿ ಮಾಲ್ಗುಡಿಯ ಟ್ಯೂನ್. ಈಚೆಗೆ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಶಂಕರಣ್ಣ ನಿದ್ದೆ ಬಿಟ್ಟು ದುಡಿದರು, ಮೂವತ್ತೈದಕ್ಕೇ ಇಷ್ಟೆಲ್ಲ ಮಾಡಿ ಹೋದರು, ನೀನು ಏನ್ ಮಾಡ್ತಿದ್ದೀಯ ಅಂತ ಗದರಿಸುವ ರೀಲ್ಸ್. ವಾರಕ್ಕೆ 70 ಗಂಟೆ ದುಡಿಯಿರಿ ಅಂತ ಯುವಜನರಿಗೆ ಉಪದೇಶ ಮಾಡುವ ಈ ಕಾಲದಲ್ಲಿ ಇಂಥ ರೀಲ್ಸಿಗೆ ಗಿರಾಕಿಗಳೂ ಜಾಸ್ತಿ.

ನನಗೆ ಇದರ ಬಗ್ಗೆ ತಕರಾರಿದೆ. ಅವರು ನಿದ್ದೆಗೆಟ್ಟು ದುಡಿದಿದ್ದು ನಿಜ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಹಾಗೆ ದುಡಿದು ಅವರು ಕೊಟ್ಟಿದ್ದು ಏನನ್ನು ಅಂತ ಈ ರೀಲ್ಸ್ ಮಾಡುವವರು ನೋಡಿಯೇ ಇಲ್ಲ.

ಶಂಕರ್ ಹುಟ್ಟಿದ್ದು 1954ರಲ್ಲಿ, ಉತ್ತರ ಕನ್ನಡದ ಹೊನ್ನಾವರ ಸೀಮೆಯಲ್ಲಿ. ಮನೆಮಾತು ಕೊಂಕಣಿ, ಮನೆತನದ ಹೆಸರು ನಾಗರಕಟ್ಟೆ. ಅಣ್ಣ ಅನಂತ್ ಮೊದಲೇ ಮುಂಬೈ ಸೇರಿ ರಂಗಭೂಮಿಯಲ್ಲಿದ್ದರು, ತಮ್ಮನೂ ಅದೇ ದಾರಿ ಹಿಡಿದರು. ಮರಾಠಿ ನಾಟಕಗಳ ಆ ಲೋಕದಲ್ಲೇ ಅರುಂಧತಿ ರಾವ್ ಪರಿಚಯವಾಗಿದ್ದು, ಮುಂದೆ ಮದುವೆಯಾಗಿದ್ದು. ಇಲ್ಲಿ ಒಂದು ಮಾತು. ಕನ್ನಡದ ಹೆಮ್ಮೆ ಅಂತ ನಾವು ಎದೆ ತಟ್ಟಿಕೊಂಡು ಹೇಳುವ ಈ ಮನುಷ್ಯನನ್ನು ರೂಪಿಸಿದ್ದು ಕೊಂಕಣಿ ಮನೆ, ಮರಾಠಿ ರಂಗಭೂಮಿ ಮತ್ತು ಮುಂಬೈ ಎಂಬ ಕಲಸುಮೇಲೋಗರ. ಭಾಷಾಭಿಮಾನ ಅಂದರೆ ಬೇಲಿ ಹಾಕೋದು ಅಂದುಕೊಂಡವರು ಸ್ವಲ್ಪ ಗಮನಿಸಬೇಕು.

1978ರಲ್ಲಿ ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಬಂತು. ಕೂಲಿಗೆ ಕತ್ತಿ ಹಿಡಿಯುವ ಸೈನಿಕನ ಪಾತ್ರ. ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿತು. ಅಲ್ಲಿಂದಾಚೆ ಕಮರ್ಷಿಯಲ್ ಸಿನಿಮಾ ಕೈಬಿಡಲಿಲ್ಲ. ‘ಆಟೋ ರಾಜ’, ‘ಗೀತಾ’, ‘ಸಾಂಗ್ಲಿಯಾನ’, ಹೀಗೆ ಹನ್ನೆರಡು ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳು. ಅದರಲ್ಲಿ ಜೊಳ್ಳೂ ಸಾಕಷ್ಟಿದೆ, ಮುಚ್ಚಿಡೋದು ಬೇಡ. ಆ ಹಣ ಎಲ್ಲಿಗೆ ಹೋಯಿತು ಅನ್ನೋದು ಮುಖ್ಯ. ‘ಸಂಕೇತ್’ ನಾಟಕ ತಂಡಕ್ಕೆ, ಬೆಂಗಳೂರಿನಲ್ಲಿ ಕಟ್ಟಿದ ರೆಕಾರ್ಡಿಂಗ್ ಸ್ಟುಡಿಯೋಗೆ, ತಾನೇ ನಿರ್ದೇಶಿಸಬೇಕೆಂದಿದ್ದ ಸಿನಿಮಾಗಳಿಗೆ. ಕಾರು ಕಳ್ಳರ ಕತೆ ‘ಮಿಂಚಿನ ಓಟ’ ರಾಜ್ಯ ಪ್ರಶಸ್ತಿ ತಂದುಕೊಟ್ಟಿತು. ಆಮೇಲೆ ಬಂದ ‘ಆಕ್ಸಿಡೆಂಟ್’ನಲ್ಲಿ ರಾಜಕಾರಣಿಯ ಮಗನೊಬ್ಬ ಮತ್ತಿನಲ್ಲಿ ಕಾರು ಓಡಿಸಿ, ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಕಾರರನ್ನು ಕೊಲ್ಲುತ್ತಾನೆ. ಇಡೀ ವ್ಯವಸ್ಥೆ ಅವನನ್ನು ಕಾಪಾಡಲು ನಿಲ್ಲುತ್ತದೆ. ಸಾಮಾಜಿಕ ವಿಷಯದ ಚಿತ್ರವೆಂದು ಅದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಇವತ್ತಿನ ಪೇಪರ್ ತೆರೆದರೂ ಆ ಕತೆ ಹಳತಾಗಿಲ್ಲ ಅನ್ನೋದು ಬೇರೆ ಮಾತು.

ಈ ಸಿನಿಮಾದ ಬೆನ್ನಿಗೇ ಬಂದಿದ್ದು ಮಾಲ್ಗುಡಿ.

ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕತೆಗಳನ್ನು ದೂರದರ್ಶನಕ್ಕೆ ಧಾರಾವಾಹಿ ಮಾಡಬೇಕೆಂದು ಹೊರಟವರು ನಿರ್ಮಾಪಕ ಟಿ.ಎಸ್. ನರಸಿಂಹನ್. ನಿರ್ದೇಶನ ಶಂಕರ್ ಪಾಲಿಗೆ ಬಂತು. ಪ್ರಸಾರ ಶುರುವಾಗಿದ್ದು 1986ರಲ್ಲಿ, ಶಂಕರ್ ಮಾಡಿದ್ದು 39 ಕಂತು. ನಾರಾಯಣರ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲದ ಊರು. ಶಂಕರ್ ಅದನ್ನು ಮಲೆನಾಡಿನ ಆಗುಂಬೆಯಲ್ಲಿ ಹುಡುಕಿಕೊಂಡರು. ಹೆಂಚಿನ ಮನೆ, ಉದ್ದ ಜಗಲಿ, ದೊಡ್ಡಮನೆಯ ಅಂಗಳ ಇವೇ ಮಾಲ್ಗುಡಿಯಾದವು. ಕಲಾ ನಿರ್ದೇಶಕ ಜಾನ್ ದೇವರಾಜ್, ಕ್ಯಾಮೆರಾ ಎಸ್. ರಾಮಚಂದ್ರ, ಸಂಗೀತ ಎಲ್. ವೈದ್ಯನಾಥನ್, ಚಿತ್ರಗಳು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು. ರೈಲಿನ ದೃಶ್ಯಗಳಿಗೆ ಅರಸಾಳು ಎಂಬ ಪುಟ್ಟ ಸ್ಟೇಷನ್.

ಈ ಧಾರಾವಾಹಿಯಲ್ಲಿದ್ದ ನಟರು ವರ್ಷಗಳಿಂದ ಸಂದರ್ಶನಗಳಲ್ಲಿ, ವೇದಿಕೆಗಳಲ್ಲಿ ನೆನಪು ಹೇಳಿಕೊಳ್ಳುತ್ತಾ ಬಂದಿದ್ದಾರೆ. ನಾನು ಸಿಕ್ಕಷ್ಟನ್ನೂ ಕೇಳಿದ್ದೇನೆ, ಕೆಲವನ್ನು ಎರಡೆರಡು ಸಲ. ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್‌ಗೆ ಆಗ ಹತ್ತರ ಆಸುಪಾಸಿನ ವಯಸ್ಸು. ಮೊದಲ 13 ಕಂತುಗಳನ್ನು ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ಮಾಡಿದ್ದರಿಂದ ಒಂದೇ ದೃಶ್ಯವನ್ನು ಎರಡು ಸಲ, ಎರಡು ಭಾಷೆಯಲ್ಲಿ ಆಡಬೇಕಿತ್ತು ಅಂತ ಅವರು ನೆನೆಸಿಕೊಳ್ಳುತ್ತಾರೆ. ಬೆಂಗಳೂರಿನ ಕನ್ನಡದ ಹುಡುಗ, ಎರಡೂ ಮನೆಮಾತಲ್ಲ. ಆದರೂ ಆ ನೆನಪುಗಳಲ್ಲಿ ದಣಿವಿಲ್ಲ, ಭಯವಿಲ್ಲ, ಮಗುವನ್ನು ಮಗುವಾಗಿರಲು ಬಿಟ್ಟ ನಿರ್ದೇಶಕನೊಬ್ಬ ಇದ್ದಾನೆ. ನಟನಾಗಿಯೂ ಶಂಕರ್ ಜೊತೆಗಾರನಾಗಿಯೂ ಇದ್ದ ರಮೇಶ್ ಭಟ್ ಅವರ ಮಾತಲ್ಲಿ ಬರುವ ಶಂಕರ್ ಸದಾ ಅವಸರದಲ್ಲಿರುವವರು, ಒಂದು ಕೆಲಸ ಮುಗಿಯುವ ಮುಂಚೆ ಇನ್ನೊಂದರ ಲೆಕ್ಕ ಹಾಕುತ್ತಿರುವವರು. ಅರುಂಧತಿ ಅವರ ನೆನಪುಗಳಲ್ಲೂ ಅದೇ ಓಟ. ಅನಂತ್ ನಾಗ್ ‘ನನ್ನ ತಮ್ಮ ಶಂಕರ’ ಅಂತ ಪುಸ್ತಕವನ್ನೇ ಬರೆದರು. ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಕನ್ನಡದ ರಂಗಭೂಮಿ, ಕಲಾತ್ಮಕ ಸಿನಿಮಾ, ಕಮರ್ಷಿಯಲ್ ಸಿನಿಮಾ ಮೂರೂ ಒಂದೇ ಊರಿನಲ್ಲಿ ಬಿಡಾರ ಹೂಡಿದ್ದವು. ಹಿಂದೆ ಮುಂದೆ ಓಡಾಡುವ ಜನರಾಗಿ ಆಗುಂಬೆಯವರೇ ನಿಂತರು.

ಎಲ್ಲರೂ ಓಟದ ಬಗ್ಗೆಯೇ ಹೇಳ್ತಾರೆ. ಆದರೆ ತೆರೆಯ ಮೇಲೆ ಓಟವೇ ಇಲ್ಲ! ಜಗಲಿಯಲ್ಲಿ ಕೂತವರು ಕೂತೇ ಇರುತ್ತಾರೆ. ಒಂದು ಮೌನ ಮುಗಿಯುವ ತನಕ ಕ್ಯಾಮೆರಾ ಕಾಯುತ್ತದೆ. ಇನ್ನೊಬ್ಬರಿಗೆ ಬಿಡುವು ಸಿಗಲಿ ಅಂತ ತಾನು ಬಿಡುವಿಲ್ಲದೆ ದುಡಿದವರ ಹಾಗೆ ಕಾಣುತ್ತಾರೆ ಅವರು ನನಗೆ.

ಇದಕ್ಕೆ ನನ್ನ ಸಾಕ್ಷಿ ಒಂದು ಕಂತು. ತಿಂಗಳಿಗೆ ನಲವತ್ತೈದು ರೂಪಾಯಿಯ ಗುಮಾಸ್ತನ ಕತೆ. ಆಗಲೇ ದೊಡ್ಡ ಸ್ಟಾರ್ ಆಗಿದ್ದ ವಿಷ್ಣುವರ್ಧನ್ ಅದರಲ್ಲಿ ಗುಮಾಸ್ತ ವೆಂಕಟರಾವ್. ಪುಟ್ಟ ಮಗಳಿಗೆ ಸಿನಿಮಾ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದಾನೆ. ಮಗಳು ಹೊಸ ಬಟ್ಟೆ ಹಾಕಿಕೊಂಡು ಕಾಯುತ್ತಾಳೆ. ಆಫೀಸಿನಲ್ಲಿ ಕೆಲಸ ಮುಗಿಯುವುದೇ ಇಲ್ಲ. ಇವತ್ತು ರಾಜೀನಾಮೆ ಬಿಸಾಕಿಯೇ ತೀರ್ತೀನಿ ಅಂತ ಚೀಟಿ ಬರೆಯುತ್ತಾನೆ, ಅಷ್ಟರಲ್ಲಿ ಐದು ರೂಪಾಯಿ ಸಂಬಳ ಏರಿದ ಸುದ್ದಿ ಬರುತ್ತದೆ. ರಾಜೀನಾಮೆ ವಾಪಸ್. ಮನೆಗೆ ಬಂದಾಗ ಮಗಳು ನಿದ್ದೆ ಹೋಗಿರುತ್ತಾಳೆ. ಇದರಲ್ಲಿ ಕೆಟ್ಟ ಮಾಲೀಕನ ಅಬ್ಬರವಿಲ್ಲ, ಘೋಷಣೆಯಿಲ್ಲ. ಮನುಷ್ಯನ ಸಂಜೆಯನ್ನು ಐದು ರೂಪಾಯಿಗೆ ಹೇಗೆ ಕೊಂಡುಕೊಳ್ಳುತ್ತಾರೆ ಅನ್ನೋದಷ್ಟೇ ಇದೆ. ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಕ್ಯಾಬ್ ಹತ್ತುವ ನಿಮಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಾ? ಈ ಕಂತು ಮಾಡಿದವರ ಫೋಟೋ ಹಾಕಿಕೊಂಡೇ ಹಗಲೂ ರಾತ್ರಿ ದುಡಿಯಿರಿ ಅಂತ ರೀಲ್ಸ್ ಬಿಡುತ್ತಿದ್ದಾರೆ.

ಇನ್ನೊಂದು ವಿಚಾರ ಇದೆ, ಅದೂ ಚುಚ್ಚುತ್ತದೆ. ಕನ್ನಡಿಗರು, ಕನ್ನಡದ ನೆಲದಲ್ಲಿ, ಹೆಚ್ಚಾಗಿ ಕನ್ನಡದ ನಟರನ್ನೇ ಇಟ್ಟುಕೊಂಡು ಮಾಡಿದ ಈ ಕೆಲಸ ಹೊರಬಂದಾಗ ಕನ್ನಡದಲ್ಲಿರಲಿಲ್ಲ. ಮೊದಲ ಹದಿಮೂರರ ನಂತರ ಇಂಗ್ಲಿಷ್ ಕೂಡ ಹೋಯಿತು, ಉಳಿದಿದ್ದು ಹಿಂದಿ ಒಂದೇ. ದೂರದರ್ಶನದ ರಾಷ್ಟ್ರೀಯ ಪ್ರಸಾರದಲ್ಲಿ ದೇಶಕ್ಕೆ ಕಾಣಿಸಿಕೊಳ್ಳಬೇಕಿದ್ದರೆ ಅದೇ ಬಾಗಿಲು. ನಮ್ಮ ಹೆಂಚು, ನಮ್ಮ ಮಳೆ, ನಮ್ಮ ಮುಖ ಎಲ್ಲವೂ ನಡೆಯುತ್ತಿತ್ತು, ಮಾತು ಮಾತ್ರ ನಡೆಯುತ್ತಿರಲಿಲ್ಲ. ಹಿಂದಿ ಹೇರಿಕೆಯ ಬಗ್ಗೆ ಮಾತಾಡುವಾಗ ನಾವು ಬ್ಯಾಂಕಿನ ಚಲನ್, ಮೆಟ್ರೊ ಬೋರ್ಡು ಅಂತೀವಿ. ಮಾಲ್ಗುಡಿಯನ್ನು ಆ ಪಟ್ಟಿಗೆ ಸೇರಿಸಲು ಮನಸ್ಸೇ ಬರೋದಿಲ್ಲ, ಅಷ್ಟು ಪ್ರೀತಿ ಅದರ ಮೇಲೆ. ಶಂಕರ್ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ, ಇದ್ದ ಬಾಗಿಲಲ್ಲಿ ಅವರು ಇಡೀ ಊರನ್ನೇ ಒಳಗೆ ನುಗ್ಗಿಸಿದರು. ಹಾಗಿದ್ದೂ ಬಾಗಿಲು ಯಾಕೆ ಅಷ್ಟು ಚಿಕ್ಕದಿತ್ತು ಅನ್ನೋ ಪ್ರಶ್ನೆ ಉಳಿದೇ ಇದೆ.

ರಾಜಕೀಯ ಅವರಿಗೆ ದೂರದ್ದಲ್ಲ. ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷದ ಕಡೆ ಒಲವಿತ್ತು. ಬೆಂಗಳೂರಿಗೆ ಮೆಟ್ರೊ ಬೇಕು, ನಂದಿ ಬೆಟ್ಟಕ್ಕೆ ರೋಪ್‌ವೇ ಬೇಕು, ಬಡವರಿಗೆ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟಬಹುದು ಅಂತ ಅವರು ಓಡಾಡಿದ್ದನ್ನು ಒಡನಾಡಿಗಳು ಹೇಳುತ್ತಾ ಬಂದಿದ್ದಾರೆ. ಮೆಟ್ರೊ ಬಂದಿದ್ದು 2011ರಲ್ಲಿ. ಅದಕ್ಕೆ ಅವರ ಹೆಸರಿಡಿ ಅಂತ ಅಭಿಮಾನಿಗಳು ಕೇಳುತ್ತಾರೆ. ಕಡಿಮೆ ಖರ್ಚಿನ ಮನೆಗಳು ಏನಾದವು ಅಂತ ಕೇಳುವವರು ನನಗಂತೂ ಹೆಚ್ಚು ಸಿಕ್ಕಿಲ್ಲ.

1990ರ ಸೆಪ್ಟೆಂಬರ್ 30ರ ನಸುಕಿನಲ್ಲಿ ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಕಾರು ಅಪಘಾತಕ್ಕೀಡಾಯಿತು. ಜೊತೆಗಿದ್ದ ಅರುಂಧತಿ ಮತ್ತು ಪುಟ್ಟ ಮಗಳು ಉಳಿದರು, ಶಂಕರ್ ಉಳಿಯಲಿಲ್ಲ. ಇನ್ನೂ 36 ತುಂಬಿರಲಿಲ್ಲ. ಅವರ ದುಡಿಮೆಯನ್ನು ಮಾದರಿ ಮಾಡಿಕೊಳ್ಳಿ ಅನ್ನುವವರು ಈ ನಸುಕಿನ ಹೆದ್ದಾರಿಯನ್ನು ಕತೆಯಿಂದ ಕತ್ತರಿಸಿಬಿಡುತ್ತಾರೆ, ಅಥವಾ ವಿಧಿ ಅಂದು ಮುಗಿಸುತ್ತಾರೆ.

ಮಾಲ್ಗುಡಿ ನಿಲ್ಲಲಿಲ್ಲ. ಎರಡು ಸಾವಿರದ ದಶಕದಲ್ಲಿ ಕವಿತಾ ಲಂಕೇಶ್ ಇನ್ನೂ 15 ಕಂತು ಮಾಡಿದರು. 2004ರಲ್ಲಿ ಅರುಂಧತಿ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆದರು. ಅರಸಾಳು ಸ್ಟೇಷನ್ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು, ಅದರಲ್ಲೂ ಜಾನ್ ದೇವರಾಜ್ ಅವರ ಕೈಕೆಲಸವಿದೆ.

ಅಪಘಾತವಾದ ಆ ನಸುಕಿನಲ್ಲಿ ಶಂಕರ್ ಹೊರಟಿದ್ದು ಲೋಕಾಪುರಕ್ಕೆ, ‘ಜೋಕುಮಾರಸ್ವಾಮಿ’ಯ ಚಿತ್ರೀಕರಣಕ್ಕೆ. ಚಂದ್ರಶೇಖರ ಕಂಬಾರರ ನಾಟಕ ಅದು. ಊರಿನ ನೆಲವನ್ನೆಲ್ಲ ತನ್ನದೆನ್ನುವ ಗೌಡ ಒಂದು ಕಡೆ, ಉಳುವ ಬಸಣ್ಣ ಇನ್ನೊಂದು ಕಡೆ. ಭೂಮಿ ಯಾರದು ಅನ್ನೋದೇ ಅಲ್ಲಿ ಜಗಳ.