ಗುಳಿಗೆ ಕೊಟ್ಟ ಸುಬ್ಬರಾವ್ ಮತ್ತು ಇಳಿಯದ ಕಾಲಿನ ಬಾವು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬೆಳೆದವರಿಗೆ ಈ ದೃಶ್ಯ ನೆನಪಿರಬಹುದು. ಆರೋಗ್ಯ ಕಾರ್ಯಕರ್ತೆ ಓಣಿಗೆ ಬರ್ತಾರೆ, ವಯಸ್ಸು ಕೇಳ್ತಾರೆ. ಎರಡು ವರ್ಷ ದಾಟಿದ ಮಗುವಿಗೆ ಒಂದು ಗುಳಿಗೆ, ಆರು ದಾಟಿದವರಿಗೆ ಎರಡು, ಹದಿನೈದು ದಾಟಿದವರಿಗೆ ಮೂರು. ಜತೆಗೆ ಜಂತುಹುಳದ್ದೂ ಒಂದು. ಊಟ ಮಾಡಿ ಎದುರಿಗೇ ನುಂಗಬೇಕು. ನಮ್ಮಲ್ಲಿ ಎಷ್ಟು ಜನ ಅದನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಆಮೇಲೆ ಗಟಾರಕ್ಕೆ ಉಗಿದಿದ್ದೀವೋ, ಆ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಆ ಗುಳಿಗೆ ಆನೆಕಾಲು ರೋಗದ್ದು. ಹೆಸರು ಡೈಈಥೈಲ್‌ಕಾರ್ಬಮಜೈನ್, ಚಿಕ್ಕದಾಗಿ ಡಿಇಸಿ. ಅದು ಹುಟ್ಟಿದ್ದು ಅಮೆರಿಕದ ಒಂದು ಪ್ರಯೋಗಾಲಯದಲ್ಲಿ. ಆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥ ಮಾತ್ರ ಭೀಮಾವರಂನ ತೆಲುಗು ಹುಡುಗ, ಯಲ್ಲಾಪ್ರಗಡ ಸುಬ್ಬರಾವ್.

1895ರ ಜನವರಿ 12ರಂದು ಹುಟ್ಟಿದ ಸುಬ್ಬರಾವ್ ಓದಿನಲ್ಲಿ ಜಾಣ ಅನ್ನಿಸಿಕೊಂಡವರಲ್ಲ. ಸಣ್ಣವರಿದ್ದಾಗ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರುತ್ತೇನೆಂದು ಮನೆ ಬಿಟ್ಟು ಓಡಿದ್ದರು, ತಾಯಿ ವೆಂಕಮ್ಮ ಹಿಡಿದು ತರಿಸಿದರು. ಮೆಟ್ರಿಕ್ ಪಾಸಾದದ್ದು ಮೂರನೇ ಸಲಕ್ಕೆ. ನಂತರ ರಾಮಕೃಷ್ಣ ಮಿಷನ್ ಸೇರಿ ಸನ್ಯಾಸಿಯಾಗುವ ಆಸೆ ಬಂತು, ಅದಕ್ಕೂ ತಾಯಿ ಒಪ್ಪಲಿಲ್ಲ. ಕೊನೆಗೆ ಮದ್ರಾಸ್ ಮೆಡಿಕಲ್ ಕಾಲೇಜು.

ಅಲ್ಲಿ ಗಾಂಧೀಜಿ ಕರೆಗೆ ಓಗೊಟ್ಟು ಖಾದಿಯ ಸರ್ಜರಿ ಗೌನ್ ಹಾಕಿಕೊಂಡು ಬಂದರು. ಬ್ರಿಟಿಷ್ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್‌ಗೆ ಅದು ಹಿಡಿಸಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಮದ್ರಾಸ್ ವೈದ್ಯಕೀಯ ಸೇವೆಗೆ ಅರ್ಜಿ ಹಾಕಿದರು, ತೆಗೆದುಕೊಳ್ಳಲಿಲ್ಲ. ಆಯುರ್ವೇದ ಕಾಲೇಜೊಂದರಲ್ಲಿ ಅಂಗರಚನೆ ಪಾಠ ಮಾಡುತ್ತಾ ದಿನ ತಳ್ಳಿದರು. ಒಂದು ಬಟ್ಟೆಗೆ ಎಷ್ಟು ಬೆಲೆ ತೆರಬೇಕಾಗಿತ್ತು ನೋಡಿ. ಅದೇ ಹೊತ್ತಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಸ್ಪ್ರೂ ಎಂಬ ಕರುಳಿನ ರೋಗದಿಂದ ಎಂಟೇ ದಿನದ ಅಂತರದಲ್ಲಿ ತೀರಿಕೊಂಡರು.

ಮಾವನ ಹಣ, ಕಾಕಿನಾಡದ ಒಂದು ದತ್ತಿಯ ನೆರವು ಕೂಡಿಸಿಕೊಂಡು 1922ರ ಅಕ್ಟೋಬರ್ 26ರಂದು ಬಾಸ್ಟನ್ ಮುಟ್ಟಿದರು. ಹೆಂಡತಿ ಶೇಷಗಿರಿ ಊರಲ್ಲೇ ಉಳಿದರು. ಹುಟ್ಟಿದ ಗಂಡುಮಗು ಎಳವೆಯಲ್ಲೇ ತೀರಿಕೊಂಡಿತು. ಗಂಡ ಹೆಂಡತಿ ಮತ್ತೆ ಮುಖ ನೋಡಿಕೊಳ್ಳಲೇ ಇಲ್ಲ. ವಿಜ್ಞಾನಿಗಳ ಜೀವನಚರಿತ್ರೆಗಳಲ್ಲಿ ಇಂಥ ಹೆಂಗಸರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಇಲ್ಲೂ ಅದಕ್ಕಿಂತ ಹೆಚ್ಚು ಕೊಡಲಾಗದ ನಾಚಿಕೆ ನನಗಿದೆ.

ಹಾರ್ವರ್ಡ್‌ನಲ್ಲಿ ಉಷ್ಣವಲಯ ರೋಗಗಳ ಡಿಪ್ಲೊಮಾಕ್ಕೆ ಸೇರಿದ ಈ ಡಾಕ್ಟರು ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದರು. ರೋಗಿಗಳ ಉಚ್ಚೆಪಾತ್ರೆ ತೊಳೆಯುವ ಕೆಲಸ. ಆನೆಕಾಲಿನ ಮಾತು ಬಂದಾಗ ನನಗೆ ಅವರ ಯಾವ ಶೋಧಕ್ಕಿಂತ ಮೊದಲು ನೆನಪಾಗುವುದು ಇದು. ಯಾಕೆ ಅಂತ ಮುಂದೆ ಹೇಳ್ತೀನಿ.

ಸೈರಸ್ ಫಿಸ್ಕೆ ಜತೆ ಸೇರಿ ರಕ್ತ, ಮೂತ್ರದಲ್ಲಿನ ರಂಜಕವನ್ನು ಅಳೆಯುವ ವಿಧಾನ ಕಂಡುಹಿಡಿದರು. ಬಯೋಕೆಮಿಸ್ಟ್ರಿ ಓದಿದವರು ಫಿಸ್ಕೆ-ಸುಬ್ಬರಾವ್ ವಿಧಾನದ ಹೆಸರು ಕೇಳಿಯೇ ಇರ್ತಾರೆ. ಸ್ನಾಯುವಿನ ಶಕ್ತಿಯ ಗುಟ್ಟಾದ ಫಾಸ್ಫೋಕ್ರಿಯಾಟಿನ್, ಎಟಿಪಿ ಬಂದದ್ದೂ ಅದೇ ಬೆಂಚಿನಿಂದ. ಹಾರ್ವರ್ಡ್ ಮಾತ್ರ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ಅವರು ಲೆಡರ್ಲೆ ಎಂಬ ಔಷಧ ಕಂಪನಿಗೆ ಹೋದರು. 1923ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಭಾರತೀಯರು ಅಮೆರಿಕದ ಪೌರರಾಗುವಂತಿರಲಿಲ್ಲ, ಆ ಬಾಗಿಲು ತೆರೆದದ್ದು 1946ರಲ್ಲಿ. ಅಲ್ಲಿಯವರೆಗೆ ಆ ದೇಶಕ್ಕೆ ಔಷಧ ಮಾಡಿಕೊಡುತ್ತಿದ್ದ ಮನುಷ್ಯ ಕಾನೂನಿನ ಕಣ್ಣಿಗೆ ಪರದೇಶಿ.

ಲೆಡರ್ಲೆಯ ಎಂಟು ವರ್ಷದಲ್ಲಿ ಅವರ ತಂಡದಿಂದ ಏನೇನು ಬಂತು? ಫೋಲಿಕ್ ಆಸಿಡ್, ಅಂದರೆ ಬಸುರಿಯರಿಗೆ, ಶಾಲೆ ಹುಡುಗಿಯರಿಗೆ ಕಬ್ಬಿಣಾಂಶದ ಜತೆ ಕೊಡುವ ಅದೇ ಗುಳಿಗೆಯೊಳಗಿನದು. ಅದಕ್ಕೆ ಎದುರಾಗಿ ಕೆಲಸ ಮಾಡುವ ಔಷಧಗಳು, ಅವುಗಳಲ್ಲಿ ಇವತ್ತಿಗೂ ಕ್ಯಾನ್ಸರ್‌ಗೆ ಬಳಸುವ ಮೆಥೊಟ್ರೆಕ್ಸೇಟ್. ಆರಿಯೊಮೈಸಿನ್ ಎಂಬ ಆಂಟಿಬಯೋಟಿಕ್. ಮತ್ತೆ 1947ರಲ್ಲಿ ನಮ್ಮ ಡಿಇಸಿ, ಆಗಿನ ಮಾರಾಟದ ಹೆಸರು ಹೆಟ್ರಜಾನ್.

ಆನೆಕಾಲು ರೋಗ ಇದ್ದಕ್ಕಿದ್ದಂತೆ ಅಮೆರಿಕನ್ ಕಂಪನಿಯೊಂದರ ಕೆಲಸವಾದದ್ದು ಹೇಗೆ? ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಸಾವಿರಾರು ಅಮೆರಿಕನ್ ಸೈನಿಕರಿಗೆ ಈ ಹುಳ ತಗುಲಿತ್ತು. ಸೊಳ್ಳೆಯೊಳಗೆ ಈ ಹುಳ ಬೆಳೆಯುತ್ತೆ ಅನ್ನೋದನ್ನ ಪ್ಯಾಟ್ರಿಕ್ ಮ್ಯಾನ್ಸನ್ 1877ರಲ್ಲೇ ತೋರಿಸಿದ್ದ. ನಡುವಿನ ಎಪ್ಪತ್ತು ವರ್ಷ ಅದು ಬಡ ದೇಶಗಳ ಬರಿಗಾಲಿನವರ ರೋಗವಾಗಿತ್ತು, ಅಷ್ಟೇ.

1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ, ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ಸ್ವತಂತ್ರ ಭಾರತವನ್ನು ಅವರು ಕಣ್ಣಾರೆ ನೋಡಲಿಲ್ಲ.

ಗುಳಿಗೆ ನಮ್ಮೂರಿಗೆ ಬಂದದ್ದು ಯಾವಾಗ? ಭಾರತದ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ 1955ರಲ್ಲೇ ಶುರುವಾಯಿತು. ಆದರೆ ಸಾಮೂಹಿಕವಾಗಿ ಗುಳಿಗೆ ನುಂಗಿಸುವುದನ್ನು ಬೇಗ ಕೈಬಿಟ್ಟು, ಕೆಲಸವನ್ನು ಪಟ್ಟಣಗಳಿಗೆ ಸೀಮಿತ ಮಾಡಿದರು. ಹಳ್ಳಿಗಳು ಹೊರಗೇ ಉಳಿದವು. ವರ್ಷಕ್ಕೊಮ್ಮೆ ಎಲ್ಲರಿಗೂ ನುಂಗಿಸುವ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2004ರಲ್ಲಿ. ಕರ್ನಾಟಕದಲ್ಲಿ ಬೀದರ್, ಕಲಬುರಗಿ, ರಾಯಚೂರು, ಬಾಗಲಕೋಟೆ ಜತೆಗೆ ವಿಜಯಪುರವೂ, ಕರಾವಳಿಯ ಮೂರು ಜಿಲ್ಲೆಗಳೂ ಪಟ್ಟಿಯಲ್ಲಿದ್ದವು. 1947ರಿಂದ 2004, ಐವತ್ತೇಳು ವರ್ಷ.

ಈಗ ಮುಖ್ಯ ವಿಷಯ. ಡಿಇಸಿ ರಕ್ತದಲ್ಲಿ ಓಡಾಡುವ ಮರಿಹುಳಗಳನ್ನು ಕೊಲ್ಲುತ್ತೆ. ಹಾಗಾಗಿ ಸೊಳ್ಳೆ ನಿಮ್ಮಿಂದ ಮತ್ತೊಬ್ಬರಿಗೆ ಒಯ್ಯಲು ಏನೂ ಉಳಿಯಲ್ಲ. ಅದು ಊರಿಗೆ ಕೊಡುವ ರಕ್ಷಣೆ. ಆದರೆ ದೊಡ್ಡ ಹುಳಗಳು ವರ್ಷಗಟ್ಟಲೆ ಬಿಡಾರ ಹೂಡಿ ಕೆಡಿಸಿದ ದುಗ್ಧನಾಳಗಳನ್ನು ಯಾವ ಗುಳಿಗೆಯೂ ರಿಪೇರಿ ಮಾಡಲ್ಲ. ರಕ್ತವನ್ನು ತಳ್ಳೋಕೆ ಹೃದಯ ಇದೆ. ದುಗ್ಧರಸಕ್ಕೆ ಅಂಥ ಪಂಪು ಇಲ್ಲ. ಉಸಿರಾಟ, ಮೀನಖಂಡದ ಕುಗ್ಗು ಹಿಗ್ಗು, ನಾಳಗಳದೇ ಸಣ್ಣ ಮಿಡಿತ, ಇಷ್ಟರಲ್ಲೇ ಅದು ಮೇಲೇರಬೇಕು. ನಾಳ ಕೆಟ್ಟರೆ ರಸ ಕಾಲಲ್ಲೇ ನಿಲ್ಲುತ್ತೆ, ಬಾವು ಗಟ್ಟಿಯಾಗುತ್ತೆ, ಬೆರಳ ಸಂದು ಬಿರಿಯುತ್ತೆ. ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕಾಗ ಚಳಿಜ್ವರ. ಪ್ರತಿ ಜ್ವರಕ್ಕೂ ಕಾಲು ಇನ್ನಷ್ಟು ದಪ್ಪ.

ಇಲ್ಲಿಂದ ಮುಂದಿನದು ಕೈಗಳ ಕೆಲಸ, ಸುಬ್ಬರಾವ್ ರಾತ್ರಿ ಪಾಳಿಯಲ್ಲಿ ಮಾಡಿದ ಜಾತಿಯ ಕೆಲಸ. ದಿನಾ ಸೋಪು, ನೀರು ಹಾಕಿ ಕಾಲು ತೊಳೆಯೋದು. ಬೆರಳ ಸಂದನ್ನು ಮೆತ್ತಗೆ ಒರೆಸಿ ಒಣಗಿಸೋದು, ಶಿಲೀಂಧ್ರ ಇದ್ದರೆ ಮುಲಾಮು. ಕೂತಾಗ, ಮಲಗಿದಾಗ ಕಾಲು ಎತ್ತರಕ್ಕೆ. ಪಾದವನ್ನು ಮೇಲೆ ಕೆಳಗೆ ಆಡಿಸುವ ವ್ಯಾಯಾಮ. ಸಡಿಲ ಚಪ್ಪಲಿ. ಫಿಸಿಯೋಥೆರಪಿಸ್ಟ್ ಇದ್ದರೆ ಇನ್ನೂ ಎರಡು ಸೇರುತ್ತೆ. ಒಂದು, 1930ರ ದಶಕದಲ್ಲಿ ಡೆನ್ಮಾರ್ಕಿನ ವೊಡ್ಡರ್ ದಂಪತಿ ರೂಪಿಸಿದ, ದುಗ್ಧರಸವನ್ನು ಕೈಯಿಂದ ಸಾಗಿಸುವ ಮಸಾಜು. ಎಣ್ಣೆ ಹಚ್ಚಿ ಗಸಗಸ ತಿಕ್ಕೋದಲ್ಲ, ಚರ್ಮವನ್ನು ಹಗುರಾಗಿ ಎಳೆಯೋದು. ಅದೂ ಮೊದಲು ತೊಡೆಸಂದಿನಿಂದ ಮೇಲಿನ ಭಾಗ, ಆಮೇಲೆ ಕಾಲು. ಮುಂದಿನ ದಾರಿ ಖಾಲಿಯಾಗದೆ ಹಿಂದಿನದು ಸಾಗಲ್ಲ. ಎರಡನೇದು ಪದರ ಪದರವಾಗಿ ಸುತ್ತುವ ಬ್ಯಾಂಡೇಜು, ಹಿಮ್ಮಡಿಯ ಹತ್ತಿರ ಬಿಗಿ, ಮೇಲೆ ಹೋದಂತೆ ಸಡಿಲ. ಅದನ್ನು ಕಟ್ಟಿಕೊಂಡೇ ವ್ಯಾಯಾಮ ಮಾಡಬೇಕು. ಜ್ವರ ಬಂದು ಕಾಲು ಕೆಂಪಾದ ದಿನ ಮಾತ್ರ ಇವೆಲ್ಲ ಬಂದ್: ವಿಶ್ರಾಂತಿ, ತಣ್ಣೀರ ಬಟ್ಟೆ, ಡಾಕ್ಟರು. ಹೃದಯದ ತೊಂದರೆ ಇದ್ದವರು ಕೇಳದೆ ಬಿಗಿ ಪಟ್ಟಿ ಕಟ್ಟಲೇಬಾರದು.

ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳ ಗ್ರಂಥಿ ತೆಗೆಸಿಕೊಂಡವರ ತೋಳಿಗೂ ಇದೇ ಬಾವು ಬರಬಹುದು, ಅದಕ್ಕೂ ಇದೇ ಉಪಚಾರ. ಅವರಲ್ಲಿ ಎಷ್ಟೋ ಜನಕ್ಕೆ ಕೊಟ್ಟ ಕೀಮೋದಲ್ಲಿ ಸುಬ್ಬರಾವ್ ತಂಡದ ಮೆಥೊಟ್ರೆಕ್ಸೇಟೂ ಇರುತ್ತಿತ್ತು.

ಈ ಕೈಗಳ ಕೆಲಸ ಹಳ್ಳಿಯಲ್ಲಿ ಆಗುತ್ತಾ? ಆಗುತ್ತೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ತೊಳೆಯುವಿಕೆ, ಯೋಗದ ಉಸಿರಾಟ, ಆಯುರ್ವೇದ, ಬ್ಯಾಂಡೇಜು ಎಲ್ಲ ಸೇರಿಸಿದ ಪದ್ಧತಿಯೊಂದನ್ನು ರೂಪಿಸಿತು. ಅದನ್ನು ಕೇರಳದ ಆಲಪ್ಪುಳದಲ್ಲೂ ನಮ್ಮ ಕಲಬುರಗಿ ಜಿಲ್ಲೆಯಲ್ಲೂ ಊರ ಮಟ್ಟದಲ್ಲೇ ನಡೆಸಿ ನೋಡಿತು. ಸಿಂದಗಿಯಿಂದ ಕಲಬುರಗಿ ಗಡಿ ಎಷ್ಟು ದೂರ ಹೇಳಿ? ಜೇವರ್ಗಿ, ಅಫಜಲಪುರ ಪಕ್ಕದ ತಾಲೂಕುಗಳೇ.

ಆದರೂ ನಮ್ಮ ವ್ಯವಸ್ಥೆಗೆ ಗುಳಿಗೆ ಇಷ್ಟ. ಗುಳಿಗೆಯನ್ನು ಎಣಿಸಬಹುದು, ಶೇಕಡಾವಾರು ತೋರಿಸಬಹುದು. ಒಬ್ಬ ಹೆಂಗಸು ಬೆಳಿಗ್ಗೆ ಬೆರಳ ಸಂದು ಒರೆಸಿಕೊಂಡಳಾ ಅನ್ನೋದಕ್ಕೆ ಯಾವ ಕಾಲಂ ಇದೆ? ಫಿಸಿಯೋಥೆರಪಿಗೆ ಜಿಲ್ಲಾ ಕೇಂದ್ರಕ್ಕೇ ಹೋಗಿ ಅಂದರೆ ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿಲೋಮೀಟರ್, ಮುದ್ದೇಬಿಹಾಳದಿಂದ ಸುಮಾರು 80. ವಾರಗಟ್ಟಲೆ ದಿನಾ ಮಾಡಬೇಕಾದ ಉಪಚಾರ ಅದು. ತೊಗರಿ ಕೊಯ್ಲಿನ ಕೂಲಿ ಬಿಟ್ಟು, ಚಪ್ಪಲಿ ಹಿಡಿಯದ ಕಾಲು ಎಳಕೊಂಡು ಯಾರು ಬಸ್ ಹತ್ತುತ್ತಾರೆ? ಸೀರೆಯ ನೆರಿಗೆ ಇಳಿಬಿಟ್ಟು ಮುಚ್ಚಿಕೊಳ್ಳೋದು ಸುಲಭ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಆನೆಕಾಲಿನ ಹೆಸರೂ ಇಲ್ಲ.

2027ರೊಳಗೆ ಈ ರೋಗವನ್ನು ನಿರ್ಮೂಲನೆ ಮಾಡುತ್ತೇವೆ ಅನ್ನೋದು ಕೇಂದ್ರ ಸರ್ಕಾರದ ಘೋಷಣೆ. ವಿಶ್ವ ಆರೋಗ್ಯ ಸಂಸ್ಥೆ ಆ ಪ್ರಮಾಣಪತ್ರ ಕೊಡುವ ಮುಂಚೆ ಎರಡು ಲೆಕ್ಕ ಕೇಳುತ್ತೆ. ಹರಡುವುದು ನಿಂತಿದೆಯಾ ಅನ್ನೋದು ಒಂದು. ಈಗಾಗಲೇ ಕಾಲು ಬಾತಿರುವವರಿಗೆ ಆರೈಕೆ ಎಲ್ಲೆಲ್ಲಿ ಸಿಗುತ್ತೆ ಅನ್ನೋದು ಇನ್ನೊಂದು. ನಿಮ್ಮ ತಾಲೂಕಿನ ಅಂಥವರ ಪಟ್ಟಿ ಎಲ್ಲಿದೆ, ಅದರಲ್ಲಿ ಎಷ್ಟು ಹೆಸರಿದೆ, ಟಬ್ಬು, ಮಗ್ಗು, ಸೋಪು, ಟವೆಲ್ಲು, ಮುಲಾಮಿನ ಕಿಟ್ ಎಷ್ಟು ಜನಕ್ಕೆ ಮುಟ್ಟಿದೆ, ಬ್ಯಾಂಡೇಜು ಕಟ್ಟೋದನ್ನ ಯಾರು ಕಲಿಸಿದರು? ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಯಲ್ಲಿ ಈ ನಾಲ್ಕೂ ಪ್ರಶ್ನೆ ಹಿಡಿಸುತ್ತೆ.