ಸ್ವಾತಿ ತಿರುನಾಳರ ದೂರದರ್ಶಕ

ಉಳ್ಳೂರಿನಲ್ಲಿ ನೆಲೆಸಿದ ನಾವು ಸ್ವಾತಿ ತಿರುನಾಳರನ್ನು ಬಹುಕಾಲ ಸಂಗೀತಜ್ಞರೆಂದೇ ಅರಿತಿದ್ದೆವು. ಕನ್ನಡದಲ್ಲಿಯೂ ಕೀರ್ತನೆ ರಚಿಸಿದವರಲ್ಲವೆ! 1813ರಲ್ಲಿ ಜನಿಸಿದ ಈ ತಿರುವಾಂಕೂರಿನ ಅರಸರಿಗೆ ಖಗೋಳಶಾಸ್ತ್ರವೂ ಪ್ರಿಯವಾಗಿತ್ತು. ಆಲಪ್ಪುಳದಲ್ಲಿ ವ್ಯಾಪಾರ ಪ್ರತಿನಿಧಿಯಾಗಿದ್ದ ಜಾನ್ ಕಾಲ್ಡಿಕಾಟರ ಉಪಕರಣಗಳಿಗೆ ಮನಸೋತು, 1837ರಲ್ಲಿ ತಿರುವನಂತಪುರದಲ್ಲಿ ವೀಕ್ಷಣಾಲಯವನ್ನು ಕಟ್ಟಿಸಿ ಅವರಿಗೇ ಒಪ್ಪಿಸಿದರು.

ದೂರದರ್ಶಕದ ವಸ್ತುಮಸೂರವು ಚಂದ್ರನ ಪುಟ್ಟ ಬಿಂಬವನ್ನು ಕೊಳವೆಯೊಳಗೆ ಮೂಡಿಸುತ್ತದೆ. ಕಣ್ಣಿನ ಬಳಿಯ ನೇತ್ರಮಸೂರವು ಅದನ್ನು ಹಿಗ್ಗಿಸಿ ತೋರಿಸುತ್ತದೆ. ಮೊದಲನೆಯದರ ಸಂಗಮದೂರ 120 ಸೆಂಟಿಮೀಟರು, ಎರಡನೆಯದರದು 2 ಸೆಂಟಿಮೀಟರು ಆದರೆ ಚಂದ್ರನು 60 ಪಟ್ಟು ಹಿಗ್ಗಿ ಕಾಣುವನು. ನೇತ್ರಮಸೂರದ ಸಂಗಮದೂರ 1 ಸೆಂಟಿಮೀಟರಾದರೆ 120 ಪಟ್ಟು. ಬಾಲಕರು ಇದನ್ನೇ ಬಯಸುವರು. ಆದರೆ ಅಷ್ಟೇ ಬೆಳಕು ಅಗಲವಾಗಿ ಹರಡುವುದರಿಂದ ಬಿಂಬವು ಮಂಕಾಗುತ್ತದೆ.

ಅರಸರು 1846ರಲ್ಲಿ, ಕೇವಲ 33ನೆಯ ವಯಸ್ಸಿನಲ್ಲಿ ಗತಿಸಿದರು. ವೀಕ್ಷಣಾಲಯವು ಇಂದಿಗೂ ಗುಡ್ಡದ ಮೇಲೆ ನಿಂತಿದೆ.