ಕಡಲ ಮೇಲಣ ವೈಮಾನಿಕ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಯ ಬಯಲಿನ ಮೇಲೆ ಹಾರುವ ಸಣ್ಣ ವಿಮಾನವೊಂದರ ಎಂಜಿನ್ ಕೆಟ್ಟಿತೆನ್ನೋಣ. ಸುಗ್ಗಿ ಮುಗಿದ ಜೋಳದ ಹೊಲವನ್ನು ನೋಡಿಕೊಂಡು ಚಾಲಕನು ಅದನ್ನು ಇಳಿಸಿಯಾನು. ಸಾಗರದ ಮೇಲೆ ಅಂಥ ಆಸರೆ ಎಲ್ಲಿಯದು? ಉಳಿದ ಎಂಜಿನ್ನುಗಳನ್ನೇ ಕಾಪಾಡಿಕೊಂಡು ದಡ ಸೇರಬೇಕು. ಆಸ್ಟ್ರೇಲಿಯದ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್‌ನಿಗೆ ಒದಗಿದ್ದು ಇಂಥ ಸಂಕಟವೇ.

ಅವನು 1897ರಲ್ಲಿ ಬ್ರಿಸ್ಬೇನ್ ನಗರದಲ್ಲಿ ಜನಿಸಿದನು. ಹತ್ತು ವರ್ಷ ತುಂಬುವ ಮೊದಲೇ, 1907ರಲ್ಲಿ, ಸಿಡ್ನಿಯ ಬಾಂಡೈ ಕಡಲತೀರದಲ್ಲಿ ಮುಳುಗಿ ಸಾಯುವುದರಲ್ಲಿದ್ದು ಬದುಕಿದನು. ಆದರೂ ಮುಂದೆ ಅವನ ಕೀರ್ತಿಯೆಲ್ಲ ಕಡಲಿನ ಮೇಲೆಯೇ ಬೆಳೆಯಿತು. ಮೊದಲನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕನಾಗಿ ಕಾದಾಡಿ ಗಾಯಗೊಂಡನು. 1928ರಲ್ಲಿ ಮೂವರು ಸಂಗಡಿಗರೊಡನೆ ‘ಸದರ್ನ್ ಕ್ರಾಸ್’ ಎಂಬ ಮೂರು ಎಂಜಿನ್ನುಗಳ ವಿಮಾನದಲ್ಲಿ ಅಮೆರಿಕದಿಂದ ಆಸ್ಟ್ರೇಲಿಯಕ್ಕೆ ಶಾಂತಸಾಗರವನ್ನು ದಾಟಿದನು. ಅದುವರೆಗೆ ಯಾರೂ ಆ ಸಾಹಸವನ್ನು ಮಾಡಿರಲಿಲ್ಲ.

1935ರ ಮೇ 15ರಂದು ಅದೇ ವಿಮಾನವು ಅಂಚೆಚೀಲಗಳನ್ನು ಹೊತ್ತು ಸಿಡ್ನಿಯಿಂದ ನ್ಯೂಜಿಲೆಂಡಿನತ್ತ ಹೊರಟಿತ್ತು. ಜೊತೆಗಿದ್ದವರು ಸಹಚಾಲಕ ಟೇಲರ್ ಮತ್ತು ನಿಸ್ತಂತು ನಿರ್ವಾಹಕ ಸ್ಟಾನೇಜ್. ಟಾಸ್ಮನ್ ಸಮುದ್ರದ ಮೇಲೆ ಹೊಗೆಕೊಳವೆಯ ತುಂಡೊಂದು ಕಳಚಿ ಬಲಗಡೆಯ ಪ್ರೊಪೆಲರಿಗೆ ಬಡಿಯಿತು. ವಿಮಾನವೆಲ್ಲ ನಡುಗತೊಡಗಿತು. ಸ್ಮಿತ್‌ನು ತಡಮಾಡದೆ ಆ ಎಂಜಿನನ್ನು ನಿಲ್ಲಿಸಿ, ಸಿಡ್ನಿಯ ಕಡೆಗೆ ತಿರುಗಿದನು. ಆದರೆ ಎರಡೇ ಎಂಜಿನ್ನುಗಳಿಗೆ ಆ ಭಾರ ಹೆಚ್ಚಾಯಿತು. ಮೊದಲು ಸರಕನ್ನು ಕಡಲಿಗೆ ಎಸೆದರು. ಬಳಿಕ ಅಂಚೆಯೂ ಹೋಯಿತು. ಯಾವುದನ್ನು ತಲುಪಿಸಲೆಂದು ಹೊರಟಿದ್ದರೋ ಅದನ್ನೇ ನೀರಿಗೆ ಹಾಕುವುದು ಸುಲಭದ ನಿರ್ಧಾರವಲ್ಲ.

ಅಷ್ಟರಲ್ಲಿ ಎಡಗಡೆಯ ಎಂಜಿನ್ನಿನ ಎಣ್ಣೆ ತೀರುತ್ತ ಬಂದಿತು. ಎಣ್ಣೆಯಿಲ್ಲದೆ ಅದು ಕಾದು ಸಿಕ್ಕಿಕೊಳ್ಳುವುದು ಖಂಡಿತ. ನಿಂತುಹೋದ ಬಲಗಡೆಯ ಎಂಜಿನ್ನಿನಲ್ಲಿಯಾದರೋ ಎಣ್ಣೆ ಹಾಗೆಯೇ ಉಳಿದಿತ್ತು. ಟೇಲರನು ಹೊರಗೆ ಬಂದು, ರೆಕ್ಕೆಯ ಕೆಳಗಣ ಆಧಾರದ ಕಂಬಿಯ ಮೇಲೆ ಕಾಲಿಟ್ಟು, ಬಿರುಗಾಳಿಯಂಥ ಹೊಡೆತದಲ್ಲಿ ತೆವಳಿ ಆ ಎಂಜಿನನ್ನು ಮುಟ್ಟಿದನು. ಥರ್ಮಾಸ್ ಸೀಸೆಯಲ್ಲಿ ಎಣ್ಣೆಯನ್ನು ಹಿಡಿದು ತಂದನು. ಎಡಗಡೆ ಅದನ್ನು ಸುರಿಯುವಾಗ ತಿರುಗುವ ಪ್ರೊಪೆಲರಿನ ಗಾಳಿ ಅಡ್ಡಿಯಾಗುತ್ತಿತ್ತು. ಆದುದರಿಂದ ಸ್ಮಿತ್‌ನು ವಿಮಾನವನ್ನು ಆದಷ್ಟು ಮೇಲಕ್ಕೇರಿಸಿ, ಎಡಗಡೆಯ ಎಂಜಿನ್ನಿನ ವೇಗವನ್ನು ತಗ್ಗಿಸುತ್ತಿದ್ದನು. ವಿಮಾನವು ಕೆಳಗಿಳಿದು ಅಲೆಗಳನ್ನು ಸಮೀಪಿಸುವುದರೊಳಗೆ ಟೇಲರನು ಕೆಲಸ ಮುಗಿಸಬೇಕು. ಹೊರಗಿದ್ದವನ ಜೀವ ಒಳಗಿದ್ದವನ ಕೈಯಲ್ಲಿ, ಒಳಗಿದ್ದವರ ಜೀವ ಹೊರಗಿದ್ದವನ ಕೈಯಲ್ಲಿ. ಹೀಗೆ ಆರು ಬಾರಿ ನಡೆಯಿತು. ಮೂವರೂ ಅಂದೇ ಸಿಡ್ನಿಯಲ್ಲಿ ಸುರಕ್ಷಿತವಾಗಿ ಇಳಿದರು. ಟೇಲರನ ಈ ಸಾಹಸಕ್ಕೆ ಮುಂದೆ ಶೌರ್ಯಪದಕ ದೊರೆಯಿತು.

ಸ್ಮಿತ್‌ನು ಆ ವರ್ಷವೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ವೇಗದ ದಾಖಲೆ ಸ್ಥಾಪಿಸಲು ಮತ್ತೆ ಹೊರಟನು. ಈ ಸಲದ ವಿಮಾನಕ್ಕೆ ಇದ್ದುದು ಒಂದೇ ಎಂಜಿನ್. ನಮ್ಮ ದೇಶದ ಅಲಹಾಬಾದಿನಿಂದ ಸಿಂಗಪುರದತ್ತ ಹಾರಿದ ಆ ವಿಮಾನವು ನವೆಂಬರ್ 8ರ ನಸುಕಿನಲ್ಲಿ ಅಂಡಮಾನ್ ಸಮುದ್ರದ ಮೇಲೆ ಕಣ್ಮರೆಯಾಯಿತು. ಸ್ಮಿತ್‌ನಾಗಲಿ ಸಹಚಾಲಕ ಪೆಥಿಬ್ರಿಜ್‌ನಾಗಲಿ ಮರಳಲಿಲ್ಲ. 1937ರಲ್ಲಿ ಬರ್ಮಾದ ಕರಾವಳಿಯಲ್ಲಿ ಆ ವಿಮಾನದ ಚಕ್ರದ ಕಾಲೊಂದು ದೊರೆಯಿತು.